ಜುಲೈ ತಿಂಗಳ ನಾಲ್ಕು ತಾರೀಕು

ಜುಲೈ ಮುಗಿದು ಆಗಸ್ಟ್ ಬಂತು. ಮಳೆ ಮಾತ್ರ ನಿಂತಿಲ್ಲ. ಮದ್ರಸಗಳಲ್ಲಿ, ಜಮಾಅತ್ ಕಮಿಟಿಗಳಲ್ಲಿ ಈಗ ಸ್ವಾತಂತ್ರ್ಯೋತ್ಸವದ ಮಾತು. ಧ್ವಜದ ಕಟ್ಟೆಗೆ ಪೈಂಟ್ ಹೊಡೆಯುವುದು ಯಾರು, ಮಕ್ಕಳಿಗೆ ಲಡ್ಡು ಕೊಡುವುದೋ ಪಾಯಸ ಮಾಡುವುದೋ, ಫ್ಲೆಕ್ಸಿನಲ್ಲಿ ಯಾರ ಫೋಟೋ ಹಾಕುವುದು ಎಂಬ ಚರ್ಚೆ. ಫೋಟೋದ ವಿಷಯ ಬಂದಾಗ ಪ್ರತಿ ವರ್ಷದ ಹಾಗೆ ಈ ಸಲವೂ ಮೊದಲು ಬಂದದ್ದು ವೀರ ಅಬ್ದುಲ್ ಹಮೀದ್ ಹೆಸರು. ಎರಡನೆಯದು ಬ್ರಿಗೇಡಿಯರ್ ಉಸ್ಮಾನ್. ಅವರ ಮುಖ ಹೇಗಿತ್ತೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲದೆ ಮೊಬೈಲಿನಲ್ಲಿ ಹುಡುಕಬೇಕಾಯಿತು. ಮೂರನೇ ಹೆಸರು ನಾವು ಹೇಳಿದೆವು: ಉಬೈದ್ ಸಿದ್ದೀಕಿ. "ಅದು ಯಾರು ಉಸ್ತಾದ್, ಯಾವ ಪಾರ್ಟಿಯವರು?" ಎಂದು ಕಮಿಟಿಯ ಹಿರಿಯರೊಬ್ಬರು ಕೇಳಿದರು. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು.

ಆ ದಿನ ಮನೆಗೆ ಬಂದು ಕ್ಯಾಲೆಂಡರ್ ನೋಡಿದಾಗ ಒಂದು ಸಂಗತಿ ಗಮನಕ್ಕೆ ಬಂತು. ಅಬ್ದುಲ್ ಹಮೀದ್ ಹುಟ್ಟಿದ್ದು 1933ರ ಜುಲೈ 1ರಂದು. ಉಸ್ಮಾನ್ ಹುತಾತ್ಮರಾದದ್ದು 1948ರ ಜುಲೈ 3, ಹುಟ್ಟಿದ್ದು 1912ರ ಜುಲೈ 15. ಸಿದ್ದೀಕಿಯವರು ಬೆಂಗಳೂರಿನಲ್ಲಿ ತೀರಿಕೊಂಡದ್ದು 2013ರ ಜುಲೈ 26. ನಾಲ್ಕು ತಾರೀಕೂ ಒಂದೇ ತಿಂಗಳಲ್ಲಿ. ನಾಲ್ಕೂ ಕಳೆದುಹೋಯಿತು, ನಮ್ಮಲ್ಲಿ ಒಬ್ಬರಾದರೂ ನೆನೆಯಲಿಲ್ಲ. ನಮಗೆ ಅವರ ನೆನಪಾಗುವುದು ಆಗಸ್ಟ್‌ನಲ್ಲಿ, ಫ್ಲೆಕ್ಸ್ ಪ್ರಿಂಟ್ ಮಾಡಿಸುವಾಗ ಮಾತ್ರ.

ಮೂವರೂ ಒಂದೇ ಸೀಮೆಯವರು. ಉತ್ತರ ಪ್ರದೇಶದ ಪೂರ್ವ ತುದಿ, ಪೂರ್ವಾಂಚಲ ಅಂತ ಅದನ್ನು ಕರೆಯುತ್ತಾರೆ. ಹಮೀದ್ ಗಾಝಿಪುರ ಜಿಲ್ಲೆಯ ಧಾಮೂಪುರದವರು. ಉಸ್ಮಾನ್ ಬೀಬಿಪುರದವರು. ಅದು ಆಗ ಆಝಂಗಢ ಜಿಲ್ಲೆಯಲ್ಲಿತ್ತು, ಈಗ ಮೌ ಜಿಲ್ಲೆಗೆ ಸೇರಿದೆ. ಸಿದ್ದೀಕಿ ಹುಟ್ಟಿದ್ದು ಬಸ್ತಿ ಜಿಲ್ಲೆಯಲ್ಲಿ. ನಮ್ಮಲ್ಲಿ ಗಲ್ಫ್‌ನಲ್ಲಿ ದುಡಿದವರಿಗೆ ಈ ಊರುಗಳ ಹೆಸರು ಹೊಸತಲ್ಲ. ಒಂದೇ ರೂಮಿನಲ್ಲಿ ಮೇಲೆ ಕೆಳಗೆ ಮಂಚದಲ್ಲಿ ಮಲಗಿದವರು, ಒಂದೇ ಕುಕ್ಕರಿನ ಅನ್ನ ಉಂಡವರು. ನೇಕಾರರ ಸೀಮೆ ಅದು. ಮೌ, ಮುಬಾರಕ್‌ಪುರದ ಮಗ್ಗದ ಸೀರೆಗಳು ಬನಾರಸಿನ ಅಂಗಡಿ ಸೇರುತ್ತವೆ, ಮಕ್ಕಳು ಮುಂಬೈ, ಸೌದಿ ಸೇರುತ್ತಾರೆ. ಟೀವಿಯವರು ಆಝಂಗಢ ಎಂದರೆ ಬೇರೆಯೇ ಚಿತ್ರ ತೋರಿಸುತ್ತಾರೆ, ಆ ಮಾತು ಇಲ್ಲಿ ಬೇಡ. ಆದರೆ ಆ ಚಿತ್ರದಿಂದಾಗಿಯೇ ಇರಬೇಕು, ಹಮೀದ್, ಉಸ್ಮಾನ್ ಹೆಸರನ್ನು ನಾವು ಸರ್ಟಿಫಿಕೇಟ್ ತೋರಿಸಿದ ಹಾಗೆ ತೋರಿಸುತ್ತೇವೆ. ನೋಡಿ, ನಮ್ಮವರೂ ಪ್ರಾಣ ಕೊಟ್ಟಿದ್ದಾರೆ, ಅಂತ. ಸರ್ಟಿಫಿಕೇಟನ್ನು ಯಾರೂ ಓದುವುದಿಲ್ಲ, ಲ್ಯಾಮಿನೇಶನ್ ಮಾಡಿಸಿ ಇಟ್ಟುಕೊಳ್ಳುತ್ತಾರೆ. ಹಾಗಾಗಿಯೇ ಇವರು ಮಾಡಿದ ಕೆಲಸ ಏನು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ದೊಡ್ಡವರಿಗೂ ಅಷ್ಟೇ.

ಕಳೆದ ವರ್ಷ ಆರನೇ ಕ್ಲಾಸಿನ ಹುಡುಗನೊಬ್ಬ ಭಾಷಣದಲ್ಲಿ "ಅಬ್ದುಲ್ ಹಮೀದ್ ಎಂಟು ಟ್ಯಾಂಕ್ ಹೊಡೆದರು" ಎಂದ. ಹಿಂದಿನಿಂದ ಇನ್ನೊಬ್ಬ, "ಎಂಟಲ್ಲ, ಮೂರು" ಎಂದ. ಸಭೆಯಲ್ಲಿದ್ದ ಒಬ್ಬರಿಗೆ ಸಿಟ್ಟು ಬಂತು. ನಮ್ಮವರ ಲೆಕ್ಕವನ್ನು ನಮ್ಮವರೇ ಕಡಿಮೆ ಮಾಡುವುದಾ ಅಂತ. ಹದೀಸ್ ಪಾಠದಲ್ಲಿ ನಾವು ಮಕ್ಕಳಿಗೆ ಸನದ್ ಕೇಳುವುದನ್ನು ಕಲಿಸುತ್ತೇವೆ, ಯಾರು ಹೇಳಿದ್ದು, ಅವರಿಗೆ ಯಾರು ಹೇಳಿದ್ದು ಅಂತ. ಯುದ್ಧದ ಕಥೆಗೂ ಅದೇ ಕ್ರಮ ಬೇಕಲ್ಲ. ಹುಡುಗರಿಬ್ಬರೂ ಸುಳ್ಳು ಹೇಳಿದ್ದಲ್ಲ. ಪರಮವೀರ ಚಕ್ರದ ಅಧಿಕೃತ ಪ್ರಶಸ್ತಿ ಪತ್ರದಲ್ಲಿ 1965ರ ಸೆಪ್ಟೆಂಬರ್ 10ರ ಬೆಳಿಗ್ಗೆಯ ಘಟನೆ ಮಾತ್ರ ಇರುವುದು. ಮುಂಚೂಣಿಯ ಟ್ಯಾಂಕ್ ಒಂದನ್ನು ಕೆಡವಿದರು, ಜಾಗ ಬದಲಿಸಿ ಇನ್ನೊಂದಕ್ಕೆ ಬೆಂಕಿ ಹಚ್ಚಿದರು, ಮತ್ತೊಂದರ ಮೇಲೆ ಗುಂಡು ಹಾರಿಸುತ್ತಿರುವಾಗಲೇ ಶೆಲ್ ಬಿದ್ದು ಮಾರಣಾಂತಿಕವಾಗಿ ಗಾಯಗೊಂಡರು. ಅದರ ಹಿಂದಿನ ಎರಡು ದಿನಗಳ ಲೆಕ್ಕವನ್ನೂ ಸೇರಿಸಿ ಏಳು, ಎಂಟು ಎಂದು ಬೇರೆ ಬೇರೆ ಕಡೆ ಬರೆದಿದ್ದಾರೆ. ಮೂರಾದರೂ ಎಂಟಾದರೂ ಹಮೀದ್ ಸಣ್ಣವರಾಗುವುದಿಲ್ಲ. ಆ ಮೂರು ಹೇಗೆ ಸಾಧ್ಯವಾಯಿತು ಎಂದು ತಿಳಿದವರಿಗೆ ಎಂಟರ ಆಸೆಯೇ ಇರುವುದಿಲ್ಲ.

ಹಮೀದ್ ಅವರ ತಂದೆ ದರ್ಜಿ. ಮಗನೂ ಹೊಲಿಗೆ ಕಲಿತಿದ್ದರು. 1954ರ ಡಿಸೆಂಬರ್‌ನಲ್ಲಿ ಗ್ರೆನೇಡಿಯರ್ಸ್ ರೆಜಿಮೆಂಟಿಗೆ ಸೇರಿದರು. 1965ರಲ್ಲಿ ಅವರ ಹುದ್ದೆಯ ಹೆಸರು ಕಂಪನಿ ಕ್ವಾರ್ಟರ್ ಮಾಸ್ಟರ್ ಹವಾಲ್ದಾರ್. ಅಂದರೆ ಕಂಪನಿಯ ರೇಷನ್, ಬಟ್ಟೆ, ಸಾಮಾನು ನೋಡಿಕೊಳ್ಳುವ ಕೆಲಸ. ನಮ್ಮ ಭಾಷೆಯಲ್ಲಿ ಸ್ಟೋರಿನವರು. ಯುದ್ಧ ಬಂದಾಗ ಅವರ ಕೈಗೆ ಬಂದದ್ದು ಜೀಪಿನ ಮೇಲೆ ಕೂರಿಸಿದ ರಿಕಾಯಿಲ್‌ಲೆಸ್ ಗನ್.

ಈ ಗನ್ನಿನ ಬಗ್ಗೆ ಸ್ವಲ್ಪ ಹೇಳಬೇಕು. ಸಾಮಾನ್ಯ ಫಿರಂಗಿ ಹಾರಿಸಿದಾಗ ಹಿಂದಕ್ಕೆ ಜೋರಾಗಿ ಒದೆಯುತ್ತದೆ, ಜೀಪಿನಂಥ ಸಣ್ಣ ಗಾಡಿ ಅದನ್ನು ತಾಳುವುದಿಲ್ಲ. ಈ ಗನ್ನಿನಲ್ಲಿ ಸಿಡಿಮದ್ದಿನ ಗಾಳಿಯನ್ನು ಹಿಂಬದಿಯಿಂದ ಹೊರಗೆ ಬಿಡುತ್ತಾರೆ, ಅದಕ್ಕೆ ಒದೆತ ಇಲ್ಲ. ಅನುಕೂಲ ಉಂಟು, ಜೊತೆಗೆ ಅಪಾಯವೂ ಉಂಟು. ಒಂದು ಸಲ ಹಾರಿಸಿದರೆ ಹಿಂದೆ ಬೆಂಕಿ, ಹೊಗೆ, ಧೂಳು ಎದ್ದು, ನಾನು ಇಲ್ಲಿದ್ದೇನೆ ಎಂದು ವೈರಿಗೆ ಕೂಗಿ ಹೇಳಿದ ಹಾಗಾಗುತ್ತದೆ. ಟ್ಯಾಂಕಿಗೆ ದಪ್ಪ ಉಕ್ಕಿನ ಮೈ. ಜೀಪಿಗೆ ಏನೂ ಇಲ್ಲ, ಮೆಷಿನ್‌ಗನ್ನಿನ ಗುಂಡು ಕೂಡ ತಡೆಯುವುದಿಲ್ಲ. ಹಾಗಾಗಿ ಬಹಳ ಹತ್ತಿರ ಬರುವ ತನಕ ಉಸಿರು ಬಿಗಿಹಿಡಿದು ಕಾಯಬೇಕು, ಗುರಿ ತಪ್ಪದ ಹಾಗೆ ಒಂದು ಹೊಡೆಯಬೇಕು, ಕೂಡಲೇ ಜಾಗ ಖಾಲಿ ಮಾಡಬೇಕು. ಒಂದೇ ಜಾಗದಿಂದ ಎರಡನೇ ಸಲ ಹೊಡೆಯಲು ಹೊರಟವರು ಬದುಕುವುದು ಕಷ್ಟ. ಪಂಜಾಬಿನ ಖೇಮ್‌ಕರಣ್ ಹತ್ತಿರ ಚೀಮಾ ಗ್ರಾಮದ ಮುಂದೆ ಹಮೀದ್ ಮಾಡಿದ್ದು ಈ ಕೆಲಸ. ಕಾಯುವುದು, ಹೊಡೆಯುವುದು, ಸರಿಯುವುದು. ಎದುರಿಗೆ ಬಂದದ್ದು ಅಮೆರಿಕದ ಪ್ಯಾಟನ್ ಟ್ಯಾಂಕುಗಳು, ಆ ಕಾಲದಲ್ಲಿ ಅದಕ್ಕೆ ದೊಡ್ಡ ಹೆಸರು. ಕೊನೆಗೆ ಟ್ಯಾಂಕುಗಳು ಅವರ ಜೀಪನ್ನು ಗುರುತು ಹಿಡಿದು ಎಲ್ಲಾ ಕಡೆಯಿಂದ ಗುಂಡು ಸುರಿಸಿದವು. ಆಗಲೂ ಗನ್ ಬಿಟ್ಟು ಇಳಿಯಲಿಲ್ಲ. ವಯಸ್ಸು 32.

ಅಸಲ್ ಉತ್ತರ್ ಎಂದು ಕರೆಯುವ ಆ ಕಾಳಗದಲ್ಲಿ ಪಾಕಿಸ್ತಾನ ಕಳಕೊಂಡ ಟ್ಯಾಂಕು ಭಾರತದ ಲೆಕ್ಕದಲ್ಲಿ 97. ಅದನ್ನು ಒಬ್ಬರೇ ಮಾಡಲಿಲ್ಲ. ಹೊಲಗಳಿಗೆ ನೀರು ಬಿಟ್ಟು ಟ್ಯಾಂಕುಗಳನ್ನು ಕೆಸರಿನಲ್ಲಿ ಹೂಳಿಸಿದ ಯೋಜನೆ ಇತ್ತು, ಕಬ್ಬಿನ ಗದ್ದೆಗಳಲ್ಲಿ ಅಡಗಿ ಕೂತ ನಮ್ಮ ಟ್ಯಾಂಕಿನವರಿದ್ದರು. ಹಮೀದ್ ಅವರ ಪತ್ನಿ ರಸೂಲನ್ ಬೀಬಿ 1966ರ ಗಣರಾಜ್ಯೋತ್ಸವದಲ್ಲಿ ರಾಷ್ಟ್ರಪತಿ ರಾಧಾಕೃಷ್ಣನ್ ಅವರ ಕೈಯಿಂದ ಪರಮವೀರ ಚಕ್ರ ಪಡೆದರು. ಆಮೇಲೆ ಐವತ್ತಮೂರು ವರ್ಷ ಬದುಕಿ, 2019ರಲ್ಲಿ ತೀರಿಕೊಂಡರು. ಆ ಐವತ್ತಮೂರು ವರ್ಷದ ಬಗ್ಗೆ ನಾವು ಯಾವ ಸಭೆಯಲ್ಲೂ ಮಾತಾಡಿದ್ದು ಕೇಳಿಲ್ಲ.

ಉಸ್ಮಾನ್ ಬೇರೆ ರೀತಿಯ ಮನೆಯವರು. ತಂದೆ ಬನಾರಸಿನಲ್ಲಿ ಪೊಲೀಸ್ ಅಧಿಕಾರಿ. ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ, ಬಲೂಚ್ ರೆಜಿಮೆಂಟಿನಲ್ಲಿ ಅಧಿಕಾರಿ. 1947ರಲ್ಲಿ ದೇಶ ಭಾಗವಾದಾಗ ಸೇನೆಯೂ ಭಾಗವಾಯಿತು, ಬಲೂಚ್ ರೆಜಿಮೆಂಟ್ ಪಾಕಿಸ್ತಾನದ ಪಾಲಾಯಿತು. ಬನ್ನಿ ಎಂದು ಅಲ್ಲಿಂದ ಒತ್ತಾಯ ಬಂತು, ದೊಡ್ಡ ಹುದ್ದೆಯ ಆಸೆಯೂ ಇತ್ತು. ಅವರು ಹೋಗಲಿಲ್ಲ, ಡೋಗ್ರಾ ರೆಜಿಮೆಂಟ್ ಸೇರಿದರು. ನಮ್ಮ ಭಾಷಣಕಾರರು ಕಥೆಯನ್ನು ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ, ಹೋಗಲಿಲ್ಲ ಎಂಬುದೇ ಅವರ ಸಾಧನೆ ಎಂಬ ಹಾಗೆ. ಹೋಗದೆ ಇದ್ದವರು ಕೋಟಿಗಟ್ಟಲೆ ಮಂದಿ. ನಮ್ಮ ಅಜ್ಜಂದಿರೂ ಹೋಗಲಿಲ್ಲ, ಅವರಿಗೆ ಯಾರೂ ಚಕ್ರ ಕೊಡಲಿಲ್ಲ. ಉಸ್ಮಾನ್ ಅವರಿಗೆ ಮಹಾವೀರ ಚಕ್ರ ಬಂದದ್ದು ಆಮೇಲೆ ಕಾಶ್ಮೀರದಲ್ಲಿ ಮಾಡಿದ ಕೆಲಸಕ್ಕೆ.

1947ರ ಡಿಸೆಂಬರ್ ಕೊನೆಯಲ್ಲಿ ಝಂಗಡ್ ಎಂಬ ಆಯಕಟ್ಟಿನ ಜಾಗ ಕೈತಪ್ಪಿತು. ಅದು ಮರಳಿ ಸಿಗುವ ತನಕ ಮಂಚದಲ್ಲಿ ಮಲಗುವುದಿಲ್ಲ ಎಂದು ಉಸ್ಮಾನ್ ಹಠ ಹಿಡಿದು, ಆ ಚಳಿಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗಿದರು. ನೌಶೇರಾದಲ್ಲಿ 50ನೇ ಪ್ಯಾರಾ ಬ್ರಿಗೇಡ್‌ನ ಹೊಣೆ ಅವರದು. ಜನವರಿಯಲ್ಲಿ ಆ ಭಾಗದ ಸೇನಾ ನಾಯಕತ್ವ ವಹಿಸಿಕೊಂಡವರು ನಮ್ಮ ಕೊಡಗಿನ ಕೆ.ಎಂ. ಕಾರ್ಯಪ್ಪ. ಅವರು ನೌಶೇರಾಕ್ಕೆ ಬಂದು, ಎತ್ತರದ ಕೋಟ್ ಗುಡ್ಡವನ್ನು ಗೆದ್ದು ಕೊಡಬೇಕು ಎಂದು ಉಸ್ಮಾನ್ ಅವರಲ್ಲಿ ಕೇಳಿದರು. ಉಸ್ಮಾನ್ ಆ ಕಾರ್ಯಾಚರಣೆಗೆ ಇಟ್ಟ ಹೆಸರು ಕಿಪ್ಪರ್. ಸೇನೆಯಲ್ಲಿ ಕಾರ್ಯಪ್ಪನವರನ್ನು ಪ್ರೀತಿಯಿಂದ ಕರೆಯುತ್ತಿದ್ದ ಹೆಸರು ಅದು. ಮಡಿಕೇರಿಯವರಿಗೂ ಬೀಬಿಪುರದವರಿಗೂ ನಡುವೆ ಹೀಗೊಂದು ನಂಟು ಉಂಟೆಂದು ನಮ್ಮ ಪಾಠಪುಸ್ತಕದಲ್ಲಿ ಎಲ್ಲೂ ಓದಿದ ನೆನಪಿಲ್ಲ.

ಕೋಟ್ ಸಿಕ್ಕಿತು. ಫೆಬ್ರವರಿ 6ರಂದು ನೌಶೇರಾದ ಮೇಲೆ ಸಾವಿರಾರು ಮಂದಿಯ ದಾಳಿ ನಡೆಯಿತು, ಬ್ರಿಗೇಡ್ ಅಲುಗಾಡಲಿಲ್ಲ. ಅದೇ ದಿನ ಅದೇ ಬ್ರಿಗೇಡಿನ ನಾಯಕ್ ಜದುನಾಥ್ ಸಿಂಗ್ ತೈನ್‌ಧಾರ್‌ನಲ್ಲಿ ತನ್ನ ಪುಟ್ಟ ಠಾಣೆಯನ್ನು ಕಾಯುತ್ತಾ ಮಡಿದರು, ಅವರಿಗೆ ಪರಮವೀರ ಚಕ್ರ ಬಂತು. ನಮ್ಮ ಫ್ಲೆಕ್ಸಿನಲ್ಲಿ ಉಸ್ಮಾನ್ ಅವರ ಪಕ್ಕದಲ್ಲಿ ಜದುನಾಥ್ ಸಿಂಗ್ ಇದ್ದರೆ ಚಿತ್ರ ಪೂರ್ತಿಯಾಗುತ್ತಿತ್ತು. ಮಾರ್ಚ್ 18ರಂದು ಝಂಗಡ್ ಮರಳಿ ಸಿಕ್ಕಿತು. ಉಸ್ಮಾನ್ ಅವರಿಗಾಗಿ ಊರಿನಿಂದ ಮಂಚ ತಂದರು ಎಂದು ಹೇಳುತ್ತಾರೆ. ಜುಲೈ 3ರಂದು ಝಂಗಡ್‌ನಲ್ಲೇ ಫಿರಂಗಿಯ ಶೆಲ್ ಸಿಡಿದು ತೀರಿಕೊಂಡರು. ಮೂವತ್ತಾರು ತುಂಬಲು ಹನ್ನೆರಡು ದಿನ ಬಾಕಿ ಇತ್ತು. ಮದುವೆಯಾಗಿರಲಿಲ್ಲ. ಸಂಬಳದ ದೊಡ್ಡ ಪಾಲು ಬಡ ಮಕ್ಕಳ ಓದಿಗೆ ಹೋಗುತ್ತಿತ್ತು. ದಿಲ್ಲಿಯಲ್ಲಿ ಜಾಮಿಅಾ ಮಿಲ್ಲಿಯಾದ ಬಳಿ ದಫನ್ ಮಾಡುವಾಗ ಪ್ರಧಾನಿ ನೆಹರೂ ಅಲ್ಲಿದ್ದರು.

ಆ ಕಬರಸ್ಥಾನದ ಮಾತು ಬಂದಾಗ ನಮಗೆ ತಲೆ ತಗ್ಗುತ್ತದೆ. 2020ರ ಡಿಸೆಂಬರ್‌ನಲ್ಲಿ ಅವರ ಗೋರಿಯ ಕಲ್ಲು ಒಡೆದು ಬಿದ್ದಿದೆ ಎಂದು ಪತ್ರಿಕೆಗಳಲ್ಲಿ ಬಂತು. ಆಮೇಲೆ ಸೇನೆ ಮುಂದೆ ಬಂದು ಸರಿಪಡಿಸಿತು. ಸುತ್ತ ಇರುವುದು ನಮ್ಮದೇ ಜನರ ಬಡಾವಣೆ, ನಮ್ಮದೇ ಕಬರಸ್ಥಾನ. ಸರಕಾರ ನೆನೆಯುವುದಿಲ್ಲ, ಟೀವಿ ನೆನೆಯುವುದಿಲ್ಲ ಎಂದು ದೂರುವ ನಾವು ಆ ಕಲ್ಲಿನ ಪಕ್ಕದಲ್ಲೇ ದಿನಾ ನಡೆದು ಹೋಗುತ್ತಿದ್ದೆವು.

ಇನ್ನು ಮೂರನೆಯವರು. ಇವರ ಹೆಸರು ಗೊತ್ತಿಲ್ಲದ್ದಕ್ಕೆ ಕಮಿಟಿಯ ಹಿರಿಯರನ್ನು ದೂರುವ ಹಾಗಿಲ್ಲ. ನಮಗೆ ಗೊತ್ತಾದದ್ದೂ ತೀರಿಕೊಂಡ ಸುದ್ದಿ ಪೇಪರಿನಲ್ಲಿ ಬಂದ ಮೇಲೆಯೇ. ಅಲ್ಲಿಯ ತನಕ ಅವರು ನಮ್ಮದೇ ರಾಜ್ಯದಲ್ಲಿ, ಮಂಗಳೂರಿನಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ ಇದ್ದರು.

ಉಬೈದ್ ಸಿದ್ದೀಕಿ 1932ರಲ್ಲಿ ಹುಟ್ಟಿದವರು, ಅಲಿಗಢದಲ್ಲಿ ಓದಿದವರು. ಮೊದಲು ದಿಲ್ಲಿಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಗೋಧಿಯ ಮೇಲೆ ಕೆಲಸ. ಆಲಿಕಲ್ಲು ಮಳೆ ಬಂದು ಪ್ರಯೋಗದ ಪೈರು ನಾಶವಾಯಿತು. ನಾವಾದರೆ ಅದೃಷ್ಟ ಇಲ್ಲ ಎಂದು ಊರಿಗೆ ಬಂದು ಅಂಗಡಿ ಹಾಕುತ್ತಿದ್ದೆವೋ ಏನೋ. ಅವರು ಗ್ಲಾಸ್ಗೋಗೆ ಹೋಗಿ ಪಾಂಟೆಕೊರ್ವೊ ಎಂಬ ದೊಡ್ಡ ವಿಜ್ಞಾನಿಯ ಕೈಕೆಳಗೆ ಅನುವಂಶೀಯತೆಯ ವಿಜ್ಞಾನ ಕಲಿತರು. ಅಲ್ಲಿಂದ ಅಮೆರಿಕ. ಅಲ್ಲಿ ಅಲನ್ ಗ್ಯಾರನ್ ಎಂಬವರ ಜೊತೆ ಮಾಡಿದ ಕೆಲಸವನ್ನು ನಮ್ಮ ಮಕ್ಕಳಿಗೆ ವಿವರಿಸುವುದು ಸುಲಭ, ಅವರಿಗೆ ವಖ್ಫ್ ಗೊತ್ತಲ್ಲ. ಕುರ್‌ಆನ್ ಓದುವಾಗ ಎಲ್ಲಿ ನಿಲ್ಲಬೇಕು ಎಂಬುದಕ್ಕೆ ಚಿಹ್ನೆ ಉಂಟು. ನಿಲ್ಲಬಾರದ ಕಡೆ ನಿಂತರೆ ಅರ್ಥ ಕೆಡುತ್ತದೆ. ಜೀವಕೋಶ ತನ್ನೊಳಗಿನ ಬರಹವನ್ನು ಓದಿ ಪ್ರೋಟೀನ್ ಕಟ್ಟುವಾಗಲೂ ಹಾಗೆಯೇ, ಇಲ್ಲಿ ನಿಲ್ಲು ಎಂಬ ಗುರುತು ಇರುತ್ತದೆ. ಕೆಲವು ತಳಿಗಳಲ್ಲಿ ನಡುವೆ ಎಲ್ಲೋ ತಪ್ಪಾಗಿ ಆ ಗುರುತು ಬಿದ್ದು ಪ್ರೋಟೀನ್ ಅರ್ಧಕ್ಕೇ ನಿಲ್ಲುತ್ತದೆ. ಆ ತಪ್ಪನ್ನು ದಾಟಿಕೊಂಡು ಓದಬಲ್ಲ ಬ್ಯಾಕ್ಟೀರಿಯಾ ತಳಿಗಳು ಇವೆ ಎಂದು ಇವರಿಬ್ಬರು ತೋರಿಸಿಕೊಟ್ಟರು. ನಿಲ್ಲಿಸುವ ಗುರುತುಗಳನ್ನು ಅರ್ಥ ಮಾಡಿಕೊಳ್ಳಲು ಅದು ದಾರಿಯಾಯಿತು.

ಅಮೆರಿಕದಲ್ಲೇ ಉಳಿಯಬಹುದಿತ್ತು. ಹೋಮಿ ಭಾಭಾ ಕರೆದರು, 1962ರಲ್ಲಿ ಮುಂಬೈಯ ಟಾಟಾ ಸಂಸ್ಥೆಗೆ ಬಂದು ಅಣುಜೀವಶಾಸ್ತ್ರದ ವಿಭಾಗ ಕಟ್ಟಿದರು. ಮುಂದೆ ಅವರು ಹಿಡಿದ ಪ್ರಾಣಿ ನಮ್ಮ ಎಲ್ಲರ ಮನೆಯಲ್ಲೂ ಉಂಟು. ಬಾಳೆಗೊನೆ ಹಣ್ಣಾಗುತ್ತಾ ಬಂದಾಗ ಸುತ್ತ ಹಾರುತ್ತದಲ್ಲ, ಸಾಸಿವೆ ಕಾಳಿನಷ್ಟು ದೊಡ್ಡ ನೊಣ, ಅದು. ಮಾಮೂಲಿ ಸೆಕೆಯಲ್ಲಿ ಆರಾಮಾಗಿ ಓಡಾಡಿಕೊಂಡು, ಸ್ವಲ್ಪ ಬಿಸಿ ಏರಿಸಿದ ಕೂಡಲೇ ಕೈಕಾಲು ಸೋತು ಬೀಳುವ, ತಣ್ಣಗೆ ಮಾಡಿದರೆ ಎದ್ದು ಹೋಗುವ ನೊಣಗಳ ನರಗಳಲ್ಲಿ ಏನು ಕೆಟ್ಟಿದೆ ಎಂದು ಅಮೆರಿಕದ ಸೀಮರ್ ಬೆಂಝರ್ ಜೊತೆ ಸೇರಿ ಹುಡುಕಿದರು. ಆ ಪ್ರಬಂಧ ಬಂದದ್ದು 1976ರಲ್ಲಿ. ಆಮೇಲೆ ತನ್ನ ಶಿಷ್ಯೆ ವೆರೋನಿಕಾ ರೋಡ್ರಿಗಸ್ ಜೊತೆ ರುಚಿ, ವಾಸನೆ ತಿಳಿಯದ ನೊಣಗಳ ಹಿಂದೆ ಬಿದ್ದರು. ಮೂಗಿಗೆ ಬಂದ ವಾಸನೆ ಮೆದುಳಿನಲ್ಲಿ ಯಾವ ದಾರಿಯಲ್ಲಿ ಹೋಗುತ್ತದೆ, ಅದು ನೆನಪಾಗಿ ಹೇಗೆ ಉಳಿಯುತ್ತದೆ ಎಂಬ ಪ್ರಶ್ನೆ. ನೊಣದಲ್ಲಿ ಎಂತ ಇದೆ ಎಂದು ಕೇಳುವವರು ಇದ್ದಾರೆ. ನಮ್ಮ ನರಗಳು ಕೆಲಸ ಮಾಡುವ ಕ್ರಮವನ್ನು ವಿಜ್ಞಾನ ಕಲಿತದ್ದು ಬಹುಪಾಲು ಇಂಥ ಸಣ್ಣ ಜೀವಿಗಳಿಂದಲೇ.

ಭಟ್ನಾಗರ್ ಪ್ರಶಸ್ತಿ 1976ರಲ್ಲಿ, ಪದ್ಮಭೂಷಣ ಮತ್ತು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯತ್ವ 1984ರಲ್ಲಿ, ಪದ್ಮವಿಭೂಷಣ 2006ರಲ್ಲಿ. ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಜಿಕೆವಿಕೆ ಆವರಣದೊಳಗೆ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ, ಎನ್‌ಸಿಬಿಎಸ್, ಉಂಟಲ್ಲ, ಅದನ್ನು ಕಟ್ಟಿದವರು ಇವರೇ. ನಿರ್ದೇಶಕ ಹುದ್ದೆ ಬಿಟ್ಟ ಮೇಲೂ ಲ್ಯಾಬ್ ಬಿಡಲಿಲ್ಲ, ಎಂಬತ್ತರ ವಯಸ್ಸಿನಲ್ಲೂ ನೊಣಗಳ ಜೊತೆ ಕೆಲಸ. ಮನೆ ಹತ್ತಿರ ರಸ್ತೆಯಲ್ಲಿ ದ್ವಿಚಕ್ರ ವಾಹನ ಡಿಕ್ಕಿ ಹೊಡೆದು ಆಸ್ಪತ್ರೆ ಸೇರಿದವರು ಎದ್ದು ಬರಲಿಲ್ಲ.

ಸೈನಿಕರ ಕಥೆ ಹೇಳುವುದು ಸುಲಭ. ಒಂದು ದಿನ, ಒಂದು ಜಾಗ, ಒಂದು ಟ್ಯಾಂಕ್. ಐವತ್ತು ವರ್ಷ ಒಂದೇ ಪ್ರಶ್ನೆಯ ಹಿಂದೆ ಕೂತವರ ಕಥೆಗೆ ಚಪ್ಪಾಳೆ ಬೀಳುವುದು ಕಷ್ಟ. ಆದರೆ ಪಿಯುಸಿ ರಿಸಲ್ಟ್ ಬಂದ ಮೇಲೆ ನಮ್ಮ ಮನೆಗಳಲ್ಲಿ ನಡೆಯುವ ಮಾತುಕತೆಗೆ ಈ ಮೂರನೆಯವರೇ ಬೇಕು ಎಂದು ನಮಗೆ ಅನಿಸುತ್ತದೆ. ನಮಗೆ ಪರಿಚಯದ ಹುಡುಗನೊಬ್ಬ ಪಿಸಿಎಂಬಿಯಲ್ಲಿ ಒಳ್ಳೆಯ ಮಾರ್ಕ್ ತೆಗೆದ. ನೀಟ್‌ನಲ್ಲಿ ಸೀಟು ಸಿಗಲಿಲ್ಲ. ಬಯಾಲಜಿ ಅಂದರೆ ಅವನಿಗೆ ಜೀವ, ಬಿಎಸ್‌ಸಿ ಮಾಡಿ ಮುಂದೆ ರಿಸರ್ಚ್ ಮಾಡ್ತೇನೆ ಅಂದ. ಉಪ್ಪ ಹೇಳಿದರು, "ಡಾಕ್ಟರ್ ಆಗದಿದ್ದರೆ ಸಯನ್ಸ್ ಎಂತಕ್ಕೆ? ಮಾಮನ ಹತ್ತಿರ ವೀಸಾ ಉಂಟು." ಆ ಉಪ್ಪ ಕೆಟ್ಟವರಲ್ಲ, ಮೂವತ್ತು ವರ್ಷ ಬಿಸಿಲಿನಲ್ಲಿ ದುಡಿದವರು. ಹಾಗೆ ಒಂದು ದಾರಿ ಉಂಟು ಎಂದು ಅವರಿಗೆ ಯಾರೂ ತೋರಿಸಿಲ್ಲ, ಅಷ್ಟೇ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಪಿಯುಸಿ ನಂತರ ನಾಲ್ಕು ವರ್ಷದ ವಿಜ್ಞಾನ ಪದವಿ ಉಂಟು, ಬೇರೆ ರಾಜ್ಯಗಳಲ್ಲಿ ಐಸರ್‌ಗಳಿವೆ, ಪರೀಕ್ಷೆ ಪಾಸಾಗಿ ಪಿಎಚ್‌ಡಿಗೆ ಸೇರಿದವರಿಗೆ ತಿಂಗಳು ತಿಂಗಳು ಫೆಲೋಶಿಪ್ ಹಣ ಬರುತ್ತದೆ ಎಂದು ನಾವು ಹೇಳಿದಾಗ ಅವರು ಎರಡು ಸಲ ಕೇಳಿದರು, ಓದುವವರಿಗೇ ಹಣ ಕೊಡುವುದಾ ಅಂತ. ಸೇನೆಯ ವಿಷಯದಲ್ಲೂ ಇದೇ ಕಥೆ. ಹಮೀದ್ ಹೆಸರಿಗೆ ಶಿಳ್ಳೆ ಹೊಡೆಯುವ ಹುಡುಗರಲ್ಲಿ ಎನ್‌ಡಿಎ ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಹುಡುಗಿಯರೂ ಬರೆಯಬಹುದು ಎಂದು ಗೊತ್ತಿರುವವರು ಎಷ್ಟು ಮಂದಿ? ಈ ಪುಟ ಓದುವ ಜಮಾಅತ್‌ಗಳಲ್ಲಿ ವಿದ್ಯಾರ್ಥಿವೇತನ ಕೊಡುವವರಿದ್ದಾರೆ, ಅವರಿಗೆ ನಮ್ಮ ಒಂದು ಬೇಡಿಕೆ. ನೀಟ್ ಕೋಚಿಂಗಿಗೆ ಕೊಡುವ ಹಣದಲ್ಲಿ ಒಂದು ಪಾಲನ್ನು ಬಿಎಸ್‌ಸಿ ಓದುವವರಿಗೂ ಇಡಿ, ಅರ್ಜಿ ಫಾರ್ಮಿನಲ್ಲಿ ಅದಕ್ಕೊಂದು ಕಾಲಂ ಹಾಕಿ.

ಫ್ಲೆಕ್ಸಿನ ವಿಷಯ ಹೀಗೆ ಮುಗಿಯಿತು. ಮೂರು ಫೋಟೋಗೆ ಜಾಗ ಆಗುವುದಿಲ್ಲ, ಕಮಿಟಿಯವರ ಫೋಟೋ ಬೇರೆ ಬೇಕಲ್ಲ. ಸಿದ್ದೀಕಿ ಫ್ಲೆಕ್ಸಿನಲ್ಲಿ ಇರುವುದಿಲ್ಲ. ಬದಲಿಗೆ ಏಳನೇ ಕ್ಲಾಸಿನ ಹುಡುಗಿಗೆ ಅವರ ಬಗ್ಗೆ ಮೂರು ನಿಮಿಷ ಮಾತಾಡಲು ಕೊಟ್ಟಿದ್ದೇವೆ. ಭಾಷಣಕ್ಕೆ ತೋರಿಸಬೇಕು ಎಂದು ಅವಳು ಅಡುಗೆಮನೆಯ ಮೂಲೆಯಲ್ಲಿ ಒಂದು ಬಾಟ್ಲಿಗೆ ಕೊಳೆತ ಕದಳಿ ಹಣ್ಣು ಹಾಕಿ ಇಟ್ಟಿದ್ದಾಳೆ. ಉಮ್ಮ ಬೈದರೂ ತೆಗೆದಿಲ್ಲ. ನಿನ್ನೆ ಸಂಜೆ ಎಣಿಸುವಾಗ ಹನ್ನೊಂದು ನೊಣ ಇತ್ತಂತೆ.